ಮರಳಿಲ್ಲದ ರೀಫ್ ಟ್ಯಾಂಕಿನ ತಳಕ್ಕೆ ಯಾವ ಹವಳ? ಆರಿಸುವುದು, ಕೂರಿಸುವುದು, ಹದ್ದುಬಸ್ತಿನಲ್ಲಿಡುವುದು

ರೀಫ್ ಟ್ಯಾಂಕಿಗೆ, ಅಂದರೆ ಹವಳ ಸಾಕುವ ಉಪ್ಪುನೀರಿನ ಅಕ್ವೇರಿಯಂಗೆ, ಮರಳು ಹಾಕದೆ ಬಿಡುವುದರ ದೊಡ್ಡ ಅನುಕೂಲವೆಂದರೆ ಕಸ ಕಣ್ಣಿಗೆ ಬೀಳುತ್ತದೆ. ಮೀನಿನ ಹಿಕ್ಕೆ, ಉಳಿದ ಆಹಾರ, ಬಂಡೆಯಿಂದ ಉದುರುವ ಪುಡಿ ಎಲ್ಲವೂ ಬರಿಗಾಜಿನ ಮೇಲೆ ಬಂದು ಕೂರುತ್ತವೆ. ಪೈಪ್ ಇಟ್ಟು ಎಳೆದರೆ ಮುಗಿಯಿತು. ಪಂಪನ್ನು ಜೋರಾಗಿ ಬಿಟ್ಟರೂ ಮರಳು ಎದ್ದು ಹವಳಗಳ ಮೇಲೆ ಬೀಳುವ ಭಯವಿಲ್ಲ. ಆದರೆ ನೋಡಲು ತಳ ಬೋಳು ಬೋಳು. ಅದನ್ನು ತುಂಬಲು ಹವಳ ಹಬ್ಬಿಸುವುದು ಒಳ್ಳೆಯ ಉಪಾಯವೇ. ಹಾಗೆಂದು ಗೋಡೆಯಿಂದ ಗೋಡೆಗೆ ಮುಚ್ಚಿಬಿಟ್ಟರೆ ಕಸವೆಲ್ಲ ಹವಳದ ಬುಡದಲ್ಲಿ ಸಿಕ್ಕಿಕೊಳ್ಳುತ್ತದೆ, ಅಲ್ಲಿಗೆ ಪೈಪೂ ಹೋಗುವುದಿಲ್ಲ. ಮರಳು ಹಾಕದೆ ಪಡೆದ ಲಾಭ ಅಲ್ಲಿಗೇ ಹೋಯಿತು.

ಆದ್ದರಿಂದ ತಳಕ್ಕೆ ಹವಳ ಆರಿಸುವಾಗ ಕೇಳಬೇಕಾದ ಮೊದಲ ಪ್ರಶ್ನೆ, ಇದು ಬೇಡವಾದಾಗ ತೆಗೆಯುವುದು ಹೇಗೆ ಎಂಬುದು. ಎಷ್ಟು ಬೇಗ ಹಬ್ಬುತ್ತದೆ, ಯಾವ ಬಣ್ಣ ಎಂಬುದೆಲ್ಲ ಆಮೇಲೆ. ತಳವನ್ನು ಒಂದೇ ಹಾಸಾಗಿ ಮಾಡದೆ, ನಡುವೆ ಓಣಿ ಬಿಟ್ಟ ಸಣ್ಣ ಸಣ್ಣ ದ್ವೀಪಗಳಾಗಿ ಮಾಡಿ. ಕೆಳಗಿನ ಲೆಕ್ಕವೆಲ್ಲ 120 ಸೆಂ.ಮೀ. ಉದ್ದ, 60 ಸೆಂ.ಮೀ. ಅಗಲ, 50 ಸೆಂ.ಮೀ. ಎತ್ತರದ, ಅಂದರೆ ಸುಮಾರು 360 ಲೀಟರ್ ಹಿಡಿಯುವ ಗಾಜಿನ ಟ್ಯಾಂಕಿನದ್ದು.

ಮೊದಲು ಕಾನೂನಿನ ಮಾತು

ಭಾರತದಲ್ಲಿ ಗಟ್ಟಿ ಅಸ್ಥಿಪಂಜರ ಕಟ್ಟುವ ಹವಳಗಳೆಲ್ಲ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಒಂದನೇ ಅನುಸೂಚಿಯಲ್ಲಿವೆ; ಸಮುದ್ರ ಬೀಸಣಿಗೆಗಳಿಗೂ ಅದೇ ರಕ್ಷಣೆ ಇದೆ. ಮುರ್ಡೇಶ್ವರದ ಎದುರಿನ ನೇತ್ರಾಣಿಯಿಂದಾಗಲಿ, ಲಕ್ಷದ್ವೀಪದಿಂದಾಗಲಿ ಬೆರಳಗಲದ ತುಂಡನ್ನೂ ತರುವಂತಿಲ್ಲ. ಅಂತರರಾಷ್ಟ್ರೀಯ ವ್ಯಾಪಾರದಲ್ಲೂ ಗಟ್ಟಿ ಹವಳಗಳು, ಅಳಿವಿನ ಅಪಾಯದ ಜೀವಿಗಳ ವ್ಯಾಪಾರ ನಿಯಂತ್ರಿಸುವ ಸೈಟಿಸ್ ಒಪ್ಪಂದದ ಎರಡನೇ ಅನುಬಂಧದಲ್ಲಿವೆ, ಪರವಾನಗಿ ಇಲ್ಲದೆ ಗಡಿ ದಾಟುವಂತಿಲ್ಲ. ಬೆಂಗಳೂರಿನಲ್ಲಿ ಟ್ಯಾಂಕ್ ಇಟ್ಟವರು ಜೋವಾ, ಮಶ್ರೂಮ್ ಎಂಬ ಮೆತ್ತನೆಯ ಹವಳಗಳ ಕಡೆ ಗಮನ ಕೊಡಿ. ಇವು ಗಟ್ಟಿ ಹವಳಗಳ ಗುಂಪಿಗೆ ಸೇರಿದವಲ್ಲ, ಆದರೂ ಅಂಗಡಿಯವರಲ್ಲಿ ಆಮದು ದಾಖಲೆ ಕೇಳಿಯೇ ಕೊಳ್ಳಿ. ಗಟ್ಟಿ ಹವಳಗಳ ಬಗ್ಗೆ ಮುಂದೆ ಬರೆದಿರುವುದು, ಸಾಕಿ ಬೆಳೆಸಿದ ತುಂಡುಗಳು ಕಾನೂನುಬದ್ಧವಾಗಿ ಸಿಗುವ ಅಮೆರಿಕ, ಬ್ರಿಟನ್‌ನಂಥ ಕಡೆ ಇರುವ ಕನ್ನಡಿಗರಿಗೆ.

ಹಂತ 1: ತಳದ ನಕ್ಷೆ

ಕಾಗದದ ಮೇಲೆ ತಳವನ್ನು ಅಳತೆಗೆ ಸರಿಯಾಗಿ ಬರೆಯಿರಿ. ಮುಂದಿನ ಗಾಜಿನಿಂದ 8 ಸೆಂ.ಮೀ., ಹಿಂದಿನ ಗಾಜಿನಿಂದ 8 ಸೆಂ.ಮೀ., ಎರಡೂ ಪಕ್ಕಗಳಿಂದ ತಲಾ 5 ಸೆಂ.ಮೀ. ಖಾಲಿ ಬಿಡಿ. ಗಾಜು ಒರೆಸುವ ಅಯಸ್ಕಾಂತ ಕೆಳತನಕ ಇಳಿಯಬೇಕು, ಬ್ಲೇಡ್ ಹಿಡಿದ ಕೈ ಮೂಲೆಗೆ ಹೋಗಬೇಕು, ಅದಕ್ಕೆ ಇಷ್ಟು ಜಾಗ ಬೇಕೇ ಬೇಕು. ಒಟ್ಟು 7200 ಚದರ ಸೆಂ.ಮೀ.ನಲ್ಲಿ ಈ ಅಂಚು 2360 ನುಂಗುತ್ತದೆ. ಬಂಡೆಗಳು ಸುಮಾರು 2400 ಹಿಡಿದರೆ ಹವಳಕ್ಕೆ ಉಳಿಯುವುದು 2440. ಕಾಗದದ ಲೆಕ್ಕದಲ್ಲಿ ಹವಳ ಅಂಟಿಸುವ 10 ಸೆಂ.ಮೀ. ಚೌಕದ 24 ಬಿಲ್ಲೆಗಳು (ಹಂತ 4 ನೋಡಿ) ಹಿಡಿಯುತ್ತವೆ. ನಡುವೆ ಓಣಿ ಬಿಟ್ಟರೆ 14ರಿಂದ 16. ಅಷ್ಟು ಸಾಕು, ತುಂಬಿದ ಮೇಲೆ ಮುಂದಿನಿಂದ ನೋಡಿದರೆ ತಳ ಪೂರ್ತಿ ಮುಚ್ಚಿದಂತೆಯೇ ಕಾಣುತ್ತದೆ, ಏಕೆಂದರೆ ಎದುರಿನಿಂದ ನೋಡುವಾಗ ಓಣಿಗಳು ಹವಳದ ಹಿಂದೆ ಮರೆಯಾಗುತ್ತವೆ.

ಕಸ ಎಲ್ಲಿ ಕೂರುತ್ತದೆ ಎಂಬುದನ್ನು ಊಹಿಸಬೇಡಿ, ನೋಡಿ ತಿಳಿಯಿರಿ. ಎಲ್ಲ ಪಂಪ್‌ಗಳೂ ಎಂದಿನಂತೆ ಓಡುತ್ತಿರುವಾಗ ಒಂದು ಚಿಟಿಕೆ ಪುಡಿ ಆಹಾರ ಬಿಟ್ಟು ಹತ್ತು ನಿಮಿಷ ಕಾಯಿರಿ. ಪುಡಿ ಗುಡ್ಡೆಯಾಗುವ ಒಂದೆರಡು ಜಾಗ ಇದ್ದೇ ಇರುತ್ತದೆ, ಸಾಮಾನ್ಯವಾಗಿ ಒಂದು ಹಿಂಬದಿ ಮೂಲೆ ಮತ್ತು ಬಂಡೆಯ ಮರೆ. ಅವನ್ನು ನಕ್ಷೆಯಲ್ಲಿ ಗುರುತಿಸಿ, ಶಾಶ್ವತವಾಗಿ ಖಾಲಿ ಬಿಡಿ. ವಾರಕ್ಕೊಮ್ಮೆ ನೀವು ಪೈಪ್ ಇಡುವ ಜಾಗ ಅದೇ.

ಹಂತ 2: ಬೆಳಕು, ಹರಿವು, ನೀರು

ಪಾರ್ ಎಂದರೆ ಹವಳಕ್ಕೆ ಉಪಯೋಗವಾಗುವ ಬೆಳಕಿನ ಅಳತೆ. ಪಾರ್ ಮೀಟರ್ ಎರವಲು ಸಿಕ್ಕರೂ ಸಾಕು, ಅದನ್ನು ತಳಕ್ಕೆ ಇಳಿಸಿ ಆರೆಂಟು ಕಡೆ ಅಳೆಯಿರಿ. ದೀಪದ ನೇರ ಕೆಳಗೆ 150 ಇದ್ದರೆ ಮೂಲೆಯಲ್ಲಿ 40 ಇರಬಹುದು. ಬಂಡೆಯ ನೆರಳಿನಲ್ಲಿ ಇನ್ನೂ ಕಡಿಮೆ. ಒಂದೇ ತಳದಲ್ಲಿ ಮೂರು ಬಗೆಯ ಬೆಳಕು ಇರುತ್ತದೆ ಎಂಬುದನ್ನು ಮರೆತು ಒಂದೇ ಹವಳವನ್ನು ಎಲ್ಲ ಕಡೆ ಅಂಟಿಸಿದಾಗ ಒಂದು ಕಡೆ ಬಣ್ಣ ಬಿಳಚುತ್ತದೆ, ಇನ್ನೊಂದು ಕಡೆ ಕಂದಾಗುತ್ತದೆ.

ಮರಳಿಲ್ಲದ ಟ್ಯಾಂಕಿನಲ್ಲಿ ಗಂಟೆಗೆ ಟ್ಯಾಂಕಿನ ನೀರಿನ 30 ಪಟ್ಟು ಹರಿವು ಇಡುವವರೇ ಹೆಚ್ಚು. ಬಂಡೆ ಕಳೆದು 300 ಲೀಟರ್ ನೀರಿದ್ದರೆ ಗಂಟೆಗೆ 9000 ಲೀಟರ್. ಅದು ತಳದಲ್ಲಿ ಎಷ್ಟು ಬಿರುಸಾಗಿದೆ ಎಂಬುದು ಮುಖ್ಯ. ಪಂಪಿನ ಮೂತಿ ನೇರವಾಗಿ ತಳಕ್ಕೆ ಹೊಡೆಯುತ್ತಿದ್ದರೆ ಎದುರಿನ ಗಾಜಿನ ಕಡೆ ತಿರುಗಿಸಿ. ಗಾಜಿಗೆ ಬಡಿದು ಹಿಂತಿರುಗುವ ನೀರು ತಳವನ್ನು ಮೆಲ್ಲಗೆ ಗುಡಿಸುತ್ತದೆ.

ನೀರಿನ ಅಳತೆಗಳು: ಉಪ್ಪುನೀರಿನ ಸಾಪೇಕ್ಷ ಸಾಂದ್ರತೆ 1.025–1.026, ಉಷ್ಣತೆ 25–26 ಡಿಗ್ರಿ, ಕ್ಷಾರತೆ 8–9 ಡಿಕೆಎಚ್, ಕ್ಯಾಲ್ಸಿಯಂ 400–450 ಪಿಪಿಎಂ, ಮೆಗ್ನೀಸಿಯಂ 1250–1350 ಪಿಪಿಎಂ. ನೈಟ್ರೇಟ್ 5–15 ಪಿಪಿಎಂ, ಫಾಸ್ಫೇಟ್ 0.03–0.1 ಪಿಪಿಎಂ ಇರಲಿ. ಕೊನೆಯ ಎರಡರ ಬಗ್ಗೆ ಒತ್ತಿ ಹೇಳಬೇಕು. ಮರಳಿಲ್ಲದ ಟ್ಯಾಂಕಿನಲ್ಲಿ ಕಸ ತೆಗೆಯುವುದು ಎಷ್ಟು ಸುಲಭವೆಂದರೆ ಇವೆರಡೂ ಸೊನ್ನೆಗೆ ಇಳಿದುಬಿಡುತ್ತವೆ. ಆಗ ಜೋವಾ ಬಾಯಿ ಬಿಡುವುದಿಲ್ಲ, ಝೀನಿಯಾ ಎಂಬ ಮೆತ್ತನೆಯ ಹವಳ ಕರಗುತ್ತದೆ, ಬರಿಗಾಜಿನ ಮೇಲೆ ಗುಳ್ಳೆ ತುಂಬಿದ ಕಂದು ಲೋಳೆಯಾಗಿ ಡೈನೋಫ್ಲಾಜೆಲೇಟ್ ಎಂಬ ಸೂಕ್ಷ್ಮಜೀವಿ ಹರಡುತ್ತದೆ. ಸೊನ್ನೆ ಕಂಡರೆ ಸ್ಕಿಮ್ಮರ್ (ನೊರೆ ಎಬ್ಬಿಸಿ ನೀರಿನ ಕೊಳೆ ತೆಗೆಯುವ ಯಂತ್ರ) ಓಡಿಸುವುದನ್ನು ಕಡಿಮೆ ಮಾಡಿ, ಮೀನಿಗೆ ಸ್ವಲ್ಪ ಹೆಚ್ಚು ಆಹಾರ ಹಾಕಿ.

ಬಂಡೆಗಳ ಮೇಲೆ ನೇರಳೆ ಕೋರಲೈನ್ ಪಾಚಿ ಕಾಣಿಸಿಕೊಳ್ಳುವವರೆಗೆ ತಳಕ್ಕೆ ಏನನ್ನೂ ಅಂಟಿಸಬೇಡಿ.

ಹಂತ 3: ಯಾವ ಹವಳ?

ಜೋವಾ ಮತ್ತು ಪ್ಯಾಲಿಥೋವಾ. ತಳಕ್ಕೆ ಮೊದಲ ಆಯ್ಕೆ ಜೋವಾ. 50ರಿಂದ 150 ಪಾರ್ ಬೆಳಕಿನಲ್ಲಿ ಚೆನ್ನಾಗಿರುತ್ತದೆ, ಮಧ್ಯಮ ಹರಿವು ತಡೆಯುತ್ತದೆ, ಅಂಚಿನಿಂದ ಒಂದೊಂದೇ ಮರಿ ಹಾಕುತ್ತ ಹೋಗುವುದರಿಂದ ಎಲ್ಲಿಗೆ ಬಂದಿದೆ ಎಂದು ತಿಳಿಯುತ್ತದೆ. ಬೇರೆ ಬೇರೆ ಬಣ್ಣದ ಜೋವಾಗಳು ಅಕ್ಕಪಕ್ಕ ಬಂದರೂ ಕುಟುಕಿಕೊಳ್ಳುವುದು ಅಪರೂಪ. ಉದ್ದ ಕಾಂಡದ, ದೊಡ್ಡ ತಲೆಯ ಪ್ಯಾಲಿಥೋವಾ ಮಾತ್ರ ಸಣ್ಣ ಜೋವಾಗಳ ಮೇಲೆ ನೆರಳು ಹಾಕಿ ಕೊಲ್ಲುತ್ತದೆ. ಎರಡನ್ನೂ ಒಂದೇ ಬಿಲ್ಲೆಗೆ ಹಾಕಬೇಡಿ.

ಒಂದು ಎಚ್ಚರಿಕೆ ಇಲ್ಲಿ ತಪ್ಪಬಾರದು. ಈ ಗುಂಪಿನ ಹಲವು ಹವಳಗಳಲ್ಲಿ ಪ್ಯಾಲಿಟಾಕ್ಸಿನ್ ಎಂಬ ಅತಿ ತೀವ್ರ ವಿಷವಿದೆ. ಕತ್ತರಿಸುವಾಗ ಕೈಗವಸು ಮತ್ತು ಕಣ್ಣಿಗೆ ಮುಚ್ಚುಗನ್ನಡಕ ಕಡ್ಡಾಯ. ಜೋವಾ ಅಂಟಿದ ಕಲ್ಲನ್ನು ಎಂದಿಗೂ ಕುದಿಸಬೇಡಿ, ಬಿಸಿನೀರು ಸುರಿಯಬೇಡಿ, ಒಣಗಿಸಿ ಬ್ರಷ್‌ನಿಂದ ಉಜ್ಜಬೇಡಿ. ಹಬೆಯಲ್ಲಿ, ಧೂಳಿನಲ್ಲಿ ವಿಷ ಉಸಿರಿಗೆ ಸೇರಿ ಮನೆಮಂದಿಯೆಲ್ಲ ಆಸ್ಪತ್ರೆ ಸೇರಬೇಕಾಗುತ್ತದೆ. ಕಣ್ಣಿಗೆ ಚಿಮ್ಮಿದರೆ ಧಾರಾಳ ನೀರಿನಲ್ಲಿ ತೊಳೆದು ಕೂಡಲೇ ವೈದ್ಯರ ಬಳಿ ಹೋಗಿ, ವಿಷದ ಹೆಸರನ್ನೇ ಹೇಳಿ.

ಮಶ್ರೂಮ್. ಡಿಸ್ಕೋಸೋಮಾ, ರೋಡಾಕ್ಟಿಸ್, ರಿಕಾರ್ಡಿಯಾ ಈ ಬಗೆಯವು. ನೆರಳಿನ ಮೂಲೆಗೆ, 30ರಿಂದ 80 ಪಾರ್ ಇರುವ ಕಡೆಗೆ ಇವು ಸರಿ. ಬಿರುಸಿನ ಹರಿವು ಸೇರುವುದಿಲ್ಲ: ಕುಗ್ಗುತ್ತವೆ, ಆಮೇಲೆ ಬುಡ ಬಿಟ್ಟು ತೇಲಿ ಹೋಗುತ್ತವೆ. ತೇಲಿದ ಮಶ್ರೂಮ್ ಎಲ್ಲಿ ಕೂರುತ್ತದೋ ಅಲ್ಲೇ ಹೊಸ ಸಂಸಾರ ಹೂಡುತ್ತದೆ. ಡಿಸ್ಕೋಸೋಮಾ ಸಾಧು; ಕೂದಲಿನಂಥ ಅಥವಾ ಗುಳ್ಳೆಗಳಂಥ ಮೇಲ್ಮೈ ಇರುವ ರೋಡಾಕ್ಟಿಸ್ ಪಕ್ಕದ ಗಟ್ಟಿ ಹವಳವನ್ನು ಸುಟ್ಟುಹಾಕುತ್ತದೆ. ಮಶ್ರೂಮ್ ಮೈಗೆ ಅಂಟು ಹಿಡಿಯುವುದಿಲ್ಲ, ಲೋಳೆಯ ಜೊತೆ ಜಾರಿಹೋಗುತ್ತದೆ. ಸಣ್ಣ ಡಬ್ಬಿಯಲ್ಲಿ ಕಲ್ಲುಚೂರು ಹಾಕಿ, ಅದರ ಮೇಲೆ ಮಶ್ರೂಮ್ ಇಟ್ಟು, ಬಾಯಿಗೆ ಬಲೆ ಬಟ್ಟೆ ಕಟ್ಟಿ, ಹರಿವಿಲ್ಲದ ಕಡೆ ಒಂದೆರಡು ವಾರ ಬಿಡಿ. ತಾನಾಗಿ ಒಂದು ಚೂರಿಗೆ ಅಂಟಿಕೊಳ್ಳುತ್ತದೆ. ಆ ಚೂರನ್ನು ಬಿಲ್ಲೆಗೆ ಅಂಟಿಸಿ.

ಗ್ರೀನ್ ಸ್ಟಾರ್ ಪಾಲಿಪ್. ಬೋಳು ತಳಕ್ಕೆ ಎಲ್ಲರೂ ಮೊದಲು ಹೇಳುವ ಹೆಸರು ಇದು. ನೇರಳೆ ಚರ್ಮದಂಥ ಹಾಸು, ಅದರ ಮೇಲೆ ಹರಿವಿಗೆ ಬಳುಕುವ ಹಸಿರು ಎಳೆಗಳು. ಚೆಂದಕ್ಕೆ ಎರಡು ಮಾತಿಲ್ಲ. 50ರಿಂದ 250 ಪಾರ್‌ವರೆಗೂ ಬದುಕುತ್ತದೆ, ಜೋರು ಹರಿವನ್ನು ಇಷ್ಟಪಡುತ್ತದೆ. ಆದರೆ ಇದು ಗದ್ದೆಯ ಬದುವಿನ ಗರಿಕೆಯಂತೆ. ಬಂಡೆಯ ಬುಡ ಮುಟ್ಟಿತೆಂದರೆ ಮತ್ತೆ ಬಿಡಿಸುವುದು ಕಷ್ಟ. ಅದೃಷ್ಟಕ್ಕೆ ನಯವಾದ ಗಾಜಿನ ಮೇಲೆ ಇದರ ಹಿಡಿತ ಸಡಿಲ. ಅಂಚಿಗೆ ಬ್ಲೇಡ್ ತೂರಿಸಿ ಎತ್ತಿದರೆ ಚಕ್ಕೆಯಾಗಿ ಏಳುತ್ತದೆ. ಸುತ್ತಲೂ 5 ಸೆಂ.ಮೀ. ಬರಿಗಾಜು ಇರುವ, ಬಂಡೆಗೆ ತಾಗದ ದ್ವೀಪದಲ್ಲಿ ಮಾತ್ರ ಇದನ್ನು ಬೆಳೆಸಿ. ವಾರಕ್ಕೊಮ್ಮೆ ಆ ಪಟ್ಟಿಯನ್ನು ಬ್ಲೇಡ್‌ನಿಂದ ಗೀರಲು ನಿಮಗೆ ಪುರುಸೊತ್ತಿಲ್ಲದಿದ್ದರೆ ಇದರ ಆಸೆ ಬಿಡುವುದೇ ಮೇಲು.

ಝೀನಿಯಾವನ್ನು ತಳಕ್ಕೆ ಶಿಫಾರಸು ಮಾಡುವುದಿಲ್ಲ. ಅದು ಹಬ್ಬುವುದಷ್ಟೇ ಅಲ್ಲ, ಒಂದು ಕಲ್ಲಿನಿಂದ ಇನ್ನೊಂದಕ್ಕೆ ದಾಟುತ್ತದೆ. ಕಿತ್ತಾಗ ಉಳಿದ ಚೂರಿನಿಂದಲೂ ಚಿಗುರುತ್ತದೆ.

ಮೈ ಹಬ್ಬಿಸುವ ಗಟ್ಟಿ ಹವಳಗಳು. ತಳಕ್ಕೆ ಅತ್ಯಂತ ಶಿಸ್ತಾದ ಹೊದಿಕೆ ಇವುಗಳದ್ದು. ತೆಳುವಾಗಿ ಕಲ್ಲಿಗೆ ಅಂಟಿಕೊಂಡು ಬೆಳೆಯುವುದರಿಂದ ಮೇಲೆ ಕಸ ನಿಲ್ಲುವುದು ಕಡಿಮೆ, ಪೈಪ್ ಆಡಿಸಲೂ ಅಡ್ಡಿಯಿಲ್ಲ. ಕಡಿಮೆ ಬೆಳಕಿನ ಕಡೆಗೆ ಸೈಫಾಸ್ಟ್ರಿಯಾ ಮತ್ತು ಲೆಪ್ಟೋಸೆರಿಸ್ ಇವೆ, 50ರಿಂದ 100 ಪಾರ್ ಸಾಕು. ಎರಡೂ ನಿಧಾನ, ಎರಡೂ ನೆರೆಯವರಿಗೆ ಅಷ್ಟಾಗಿ ತೊಂದರೆ ಕೊಡುವುದಿಲ್ಲ. ಅವಸರವಿಲ್ಲದವರಿಗೆ ಸೈಫಾಸ್ಟ್ರಿಯಾಗಿಂತ ಉತ್ತಮ ತಳದ ಹವಳ ಇನ್ನೊಂದಿಲ್ಲ ಎಂಬುದು ನಮ್ಮ ಖಚಿತ ಅಭಿಪ್ರಾಯ. ದೀಪದ ನೇರ ಕೆಳಗೆ 150ಕ್ಕಿಂತ ಹೆಚ್ಚು ಪಾರ್ ಇದ್ದರೆ ಹಬ್ಬುವ ಮೊಂಟಿಪೋರಾ ಹಾಕಿ. ಅದು ವೇಗವಾಗಿ ಬೆಳೆಯುತ್ತದೆ, ಆದರೆ ಕುಟುಕುವ ಶಕ್ತಿ ಕಡಿಮೆ. ಇತರ ಹವಳ ಮುಟ್ಟಿದರೆ ಸೋಲುವುದು ಇದೇ.

ಇವು ಗಾಜಿಗೆ ಸುಣ್ಣದಂತೆ ಕಚ್ಚಿಕೊಳ್ಳುತ್ತವೆ. ಗಾಜಾದರೆ ಬ್ಲೇಡ್‌ನಿಂದ ಕೆರೆಯಬಹುದು. ಅಕ್ರಿಲಿಕ್ ಟ್ಯಾಂಕಿನಲ್ಲಿ ಕೆರೆದರೆ ಗೀರು ಉಳಿಯುತ್ತದೆ. ಅಕ್ರಿಲಿಕ್ ಇದ್ದವರಿಗೆ ಬಿಲ್ಲೆ ಬಿಟ್ಟು ಬೇರೆ ದಾರಿಯಿಲ್ಲ.

ಚಾಲಿಸ್, ಫೇವಿಯಾ, ಫೇವೈಟಿಸ್. ಬಣ್ಣ ಅದ್ಭುತ, ಬೆಳಕು 50ರಿಂದ 100 ಸಾಕು. ಆದರೆ ದೀಪ ಆರಿದ ಮೇಲೆ ಉದ್ದನೆಯ ಕುಟುಕು ಎಳೆಗಳನ್ನು ಬಿಡುತ್ತವೆ. ಹಗಲು ನೋಡಿ 3 ಸೆಂ.ಮೀ. ಅಂತರ ಸಾಕೆಂದುಕೊಂಡರೆ ಬೆಳಿಗ್ಗೆ ಪಕ್ಕದ ಜೋವಾ ಬಿಳಿಚಿರುತ್ತದೆ. ಸುತ್ತ 10 ಸೆಂ.ಮೀ. ಬಿಡಿ. ಗ್ಯಾಲಾಕ್ಸಿಯಾದ ಎಳೆಗಳು ಇನ್ನೂ ಉದ್ದ. ಅದನ್ನು ತಳದ ಗುಂಪಿಗೆ ಸೇರಿಸಲೇಬೇಡಿ.

ಟ್ರಾಕಿಫಿಲಿಯಾ, ಫಂಜಿಯಾದಂಥ ದಪ್ಪ ಮಾಂಸದ ಬಿಡಿ ಹವಳಗಳು ಮರಳಿನ ಮೇಲೆ ಕೂರುವಂಥವು. ಬರಿಗಾಜಿನಲ್ಲಿಟ್ಟರೆ ಹರಿವಿಗೆ ಜಾರಿ, ಅಂಚಿನ ಮಾಂಸ ಉಜ್ಜಿ ಹರಿಯುತ್ತದೆ, ಅಲ್ಲಿಂದ ಕೊಳೆತ ಶುರು. ಫಂಜಿಯಾ ಮೈ ಉಬ್ಬಿಸಿ ತಾನೇ ನಡೆದು ಹೋಗಿ ಬೇರೆಯವರ ಮೇಲೆ ಕೂರುವುದೂ ಉಂಟು. ಇವು ಬೇಕೇ ಬೇಕೆಂದರೆ ಅಗಲ ತಟ್ಟೆಯಲ್ಲಿ 2 ಸೆಂ.ಮೀ. ದಪ್ಪ ಅರಗೊನೈಟ್ ಮರಳು ಹಾಕಿ ಅದರ ಮೇಲಿಡಿ. ತಟ್ಟೆ ಸಮೇತ ಎತ್ತಿ ತೊಳೆಯಬಹುದು.

ಹಂತ 4: ಬಿಲ್ಲೆ

ಹವಳವನ್ನು ನೇರ ಗಾಜಿಗೆ ಅಂಟಿಸಬಹುದು, ಹಲವರು ಅಂಟಿಸುತ್ತಾರೆ. ನಮ್ಮ ಸಲಹೆ ಬಿಲ್ಲೆ. ರೋಗ ಬಂದರೆ, ಹುಳು ಕಂಡರೆ, ಮನೆ ಬದಲಾಯಿಸಿದರೆ, ಬಿಲ್ಲೆಯನ್ನು ಎತ್ತಿ ಬಕೆಟಿಗೆ ಹಾಕಿದರಾಯಿತು. ಮೆರುಗಿಲ್ಲದ ಸಿರಾಮಿಕ್ ಟೈಲ್ ಅಥವಾ 5 ಮಿ.ಮೀ. ದಪ್ಪದ ಬೂದು ಪಿವಿಸಿ ಹಾಳೆ ತೆಗೆದುಕೊಂಡು 10 ಸೆಂ.ಮೀ. ಚೌಕಗಳಾಗಿ ಕತ್ತರಿಸಿ. ಪಿವಿಸಿಯ ಮೇಲ್ಮೈಯನ್ನು 80ನೇ ನಂಬರ್ ಉಪ್ಪುಕಾಗದದಿಂದ ಒರಟು ಮಾಡಿ, ಆರ್‌ಓ ನೀರಿನಲ್ಲಿ ತೊಳೆಯಿರಿ. ಚೌಕ ಕಣ್ಣಿಗೆ ಹಿತವಾಗದಿದ್ದರೆ ಮೂಲೆಗಳನ್ನು ಅಡ್ಡಾದಿಡ್ಡಿ ಮುರಿಯಿರಿ. ಹವಳ ಹಬ್ಬಿದ ಮೇಲೆ ಬಿಲ್ಲೆಯ ಗುರುತೇ ಸಿಗುವುದಿಲ್ಲ.

ಬಿಲ್ಲೆ ಒಂದೋ ಗಾಜಿಗೆ ಪೂರ್ತಿ ಒರಗಿ ಕೂರಬೇಕು, ಇಲ್ಲವೇ ಪಿವಿಸಿ ಪೈಪಿನ ತುಂಡುಗಳ ಕಾಲು ಕೊಟ್ಟು 3 ಸೆಂ.ಮೀ. ಎತ್ತರಿಸಬೇಕು. ನಡುವಿನ ಅಳತೆ, ಅಂದರೆ ಕೆಲವೇ ಮಿಲಿಮೀಟರ್ ಸಂದು, ಎಲ್ಲಕ್ಕಿಂತ ಕೆಟ್ಟದ್ದು: ಕಸ ಒಳಗೆ ಹೋಗುತ್ತದೆ, ನೀರು ಹೋಗುವುದಿಲ್ಲ.

ಹಂತ 5: ಹುಳು ನೋಡುವುದು

ತಂದ ತುಂಡನ್ನು ನೇರವಾಗಿ ಟ್ಯಾಂಕಿಗೆ ಬಿಡಬೇಡಿ. ಹವಳಕ್ಕೆಂದೇ ಮಾರುವ ಡಿಪ್ ದ್ರಾವಣದಲ್ಲಿ, ಬಾಟಲಿ ಹೇಳುವಷ್ಟು ಹೊತ್ತು, ಟ್ಯಾಂಕಿನ ನೀರಿನಲ್ಲೇ ಮುಳುಗಿಸಿ, ಪಿಚಕಾರಿಯಿಂದ ಊದುತ್ತಿರಿ. ಪಾತ್ರೆಯ ತಳದಲ್ಲಿ ಏನು ಬಿತ್ತು ನೋಡಿ: ಜೋವಾದಲ್ಲಿ ಅದೇ ಬಣ್ಣದ ನುಡಿಬ್ರಾಂಕ್ (ಚಿಪ್ಪಿಲ್ಲದ ಸಮುದ್ರ ಬಸವನಹುಳು), ಸಣ್ಣ ಸಮುದ್ರ ಜೇಡ, ಸನ್‌ಡಯಲ್ ಬಸವನಹುಳು, ಮೊಂಟಿಪೋರಾದಲ್ಲಿ ಅಕ್ಕಿಕಾಳಿಗಿಂತ ಸಣ್ಣ ಬಿಳಿ ನುಡಿಬ್ರಾಂಕ್. ಡಿಪ್ ಹುಳುವನ್ನು ಕೊಲ್ಲುತ್ತದೆ, ಮೊಟ್ಟೆಯನ್ನು ಕೊಲ್ಲುವುದಿಲ್ಲ. ಮೊಟ್ಟೆ ಇರುವುದು ಹೆಚ್ಚಾಗಿ ತುಂಡಿನ ಅಡಿಯಲ್ಲಿ. ಹಾಗಾಗಿ ಅಂಗಡಿಯವರು ತುಂಡನ್ನು ಅಂಟಿಸಿ ಕೊಟ್ಟ ಸಣ್ಣ ಪ್ಲಗ್ ಕತ್ತರಿಸಿ ಎಸೆಯಿರಿ, ಬೇರೆ ಟ್ಯಾಂಕಿನಲ್ಲಿ ನಾಲ್ಕರಿಂದ ಆರು ವಾರ ಇಟ್ಟು, ವಾರಕ್ಕೊಮ್ಮೆ ಮತ್ತೆ ಡಿಪ್ ಮಾಡಿ.

ಹಂತ 6: ಅಂಟಿಸುವುದು

ಬೇಕಾದದ್ದು ಜೆಲ್ ರೂಪದ ಸೂಪರ್ ಗ್ಲೂ. ನೀರಿನಂತೆ ಹರಿಯುವುದು ಉಪಯೋಗಕ್ಕೆ ಬಾರದು. ಬಿಲ್ಲೆಯನ್ನು ಹೊರಗೇ ಒರೆಸಿ, ಹವಳದ ಬುಡವನ್ನು ಕಾಗದದಿಂದ ಒತ್ತಿ ನೀರು ತೆಗೆದು, ಕಡಲೆಕಾಳಿನಷ್ಟು ಜೆಲ್ ಇಟ್ಟು ಒತ್ತಿ. ಒಂದು ನಿಮಿಷ ಬಿಟ್ಟು ನೀರಿಗೆ ಇಳಿಸಿ.

ನೀರಿನೊಳಗೇ ಅಂಟಿಸುವಾಗ ಜೆಲ್ ಮೇಲೆ ತಕ್ಷಣ ಬಿಳಿ ಪೊರೆ ಕಟ್ಟುತ್ತದೆ. ಹವಳವನ್ನು ಸುಮ್ಮನೆ ಇಟ್ಟರೆ ಪೊರೆಯ ಮೇಲೆ ಕೂರುತ್ತದೆ, ರಾತ್ರಿಯೊಳಗೆ ಕಳಚುತ್ತದೆ. ಒತ್ತಿ, ಕಾಲು ಸುತ್ತು ಎಡಕ್ಕೆ, ಕಾಲು ಸುತ್ತು ಬಲಕ್ಕೆ ತಿರುಚಿ. ಪೊರೆ ಹರಿದು ಒಳಗಿನ ಹಸಿ ಅಂಟು ಹಿಡಿಯುತ್ತದೆ. ಭಾರದ ತುಂಡಾದರೆ ಜೆಲ್, ಅದರ ಮೇಲೆ ಎರಡು ಭಾಗ ಕಲಸಿದ ಎಪಾಕ್ಸಿ ಉಂಡೆ, ಅದರ ಮೇಲೆ ಮತ್ತೆ ಜೆಲ್. ಎಪಾಕ್ಸಿ ಬಳಸಿದ ದಿನ ಸ್ಕಿಮ್ಮರ್ ನೊರೆ ಉಕ್ಕುತ್ತದೆ, ಕೆಲವು ಗಂಟೆ ಆರಿಸಿಡಿ. ಬಿಲ್ಲೆ ಹರಿವಿಗೆ ಸರಿಯದಂತೆ ಅದನ್ನೂ ಗಾಜಿಗೆ ಒಂದೇ ಬಿಂದು ಜೆಲ್‌ನಿಂದ ಹಿಡಿಸಿ. ಮೊದಲು ಆ ಜಾಗದ ಗಾಜನ್ನು ಬ್ಲೇಡ್‌ನಿಂದ ಕೆರೆಯಿರಿ, ಇಲ್ಲವಾದರೆ ಅಂಟು ಹಿಡಿಯುವುದು ಗಾಜನ್ನಲ್ಲ, ಅದರ ಮೇಲಿನ ಲೋಳೆಯನ್ನು.

ಮೊದಲ ತಿಂಗಳು ನಾಲ್ಕೈದು ಬಿಲ್ಲೆ ಮಾತ್ರ ಹಾಕಿ. ಆ ಹವಳಗಳು ಅಲ್ಲಿಗೆ ಹೊಂದಿಕೊಂಡ ಮೇಲೆ ಉಳಿದವು.

ಆಮೇಲಿನ ಕೆಲಸ

ವಾರಕ್ಕೊಮ್ಮೆ, ನೀರು ಬದಲಿಸುವ ಹತ್ತು ನಿಮಿಷ ಮೊದಲು, ಪಿಚಕಾರಿಯಿಂದ ಪ್ರತಿ ದ್ವೀಪವನ್ನೂ ಊದಿ. ಎದ್ದ ಕಸ ಮೂಲೆಗೆ ಇಳಿದ ಮೇಲೆ 12 ಮಿ.ಮೀ. ಪೈಪಿನಲ್ಲಿ ಎಳೆಯಿರಿ. ಓಣಿಗಳಿಗೆ ಬ್ಲೇಡ್ ಆಡಿಸಿ. ಎದ್ದ ಚೂರುಗಳನ್ನು ಹಾಗೇ ಬಿಡಬೇಡಿ, ಅವು ಬೇರೆ ಕಡೆ ಬೇರು ಬಿಡುತ್ತವೆ. ಎತ್ತರಿಸದ ಬಿಲ್ಲೆಗಳನ್ನು ತಿಂಗಳಿಗೊಮ್ಮೆ ಎತ್ತಿ ಅಡಿ ತೊಳೆಯಿರಿ. ಗಟ್ಟಿ ಹವಳ ಹಬ್ಬಿದಂತೆ ಕ್ಷಾರತೆ ಬೇಗ ಇಳಿಯುತ್ತದೆ. ವಾರಕ್ಕೆ ಎರಡು ಬಾರಿ ಅಳೆದು ಡೋಸ್ ಹೆಚ್ಚಿಸಿ, ಒಂದು ದಿನಕ್ಕೆ 1 ಡಿಕೆಎಚ್‌ಗಿಂತ ಹೆಚ್ಚು ಏರಿಸಬೇಡಿ.

ಮರಳಿಲ್ಲದ ಟ್ಯಾಂಕಿನಲ್ಲಿ ಒಳ್ಳೆಯ ಬ್ಯಾಕ್ಟೀರಿಯಾ ಕೂರುವ ಜಾಗ ಮುಖ್ಯವಾಗಿ ಬಂಡೆ ಮತ್ತು ಫಿಲ್ಟರ್. ಕರೆಂಟ್ ಹೋದಾಗ ಆಮ್ಲಜನಕ ಕುಸಿದು ಅವಕ್ಕೂ ಮೀನಿಗೂ ಒಟ್ಟಿಗೆ ಹೊಡೆತ ಬೀಳುತ್ತದೆ. ಬ್ಯಾಟರಿ ಏರ್ ಪಂಪ್ ಇಟ್ಟುಕೊಳ್ಳಿ, ಅಥವಾ ಒಂದು ಹರಿವಿನ ಪಂಪನ್ನಾದರೂ ಯುಪಿಎಸ್‌ಗೆ ಜೋಡಿಸಿ.

ಕೆಟ್ಟಾಗ ಎಲ್ಲಿ ನೋಡಬೇಕು

ದ್ವೀಪದ ನಡುಭಾಗದಲ್ಲಿ ಹವಳ ಸತ್ತು ಅಂಚು ಚೆನ್ನಾಗಿದ್ದರೆ ಕಾರಣ ಬಹುಮಟ್ಟಿಗೆ ಕಸ: ಹರಿವು ನಡುವನ್ನು ಮುಟ್ಟುತ್ತಿಲ್ಲ. ಒಂದೇ ಬದಿ ಬಿಳಿಚಿದ್ದರೆ ಆ ಬದಿಯ ನೆರೆಯವನನ್ನು ದೀಪ ಆರಿಸಿ ಎರಡು ಗಂಟೆ ಬಿಟ್ಟು ಕೆಂಪು ಟಾರ್ಚಿನಲ್ಲಿ ನೋಡಿ, ಎಳೆಗಳು ಚಾಚಿರುವುದು ಕಾಣುತ್ತದೆ. ಜೋವಾ ಕಾಂಡ ಉದ್ದ ಮಾಡಿ ಮೇಲಕ್ಕೆ ಚಾಚಿದರೆ ಬೆಳಕು ಸಾಲದು; ಗಟ್ಟಿಯಾಗಿ ಮುಚ್ಚಿಕೊಂಡರೆ ಹುಳು, ಪಾಚಿ, ಸೊನ್ನೆ ನೈಟ್ರೇಟ್ ಮೂರನ್ನೂ ಪರೀಕ್ಷಿಸಿ.

ಅಂಟಿಸಿದ ತುಂಡುಗಳು ದಿನಾ ಬೆಳಿಗ್ಗೆ ಬೇರೆಡೆ ಬಿದ್ದಿದ್ದರೆ ಅಂಟನ್ನು ಬೈಯುವ ಮೊದಲು ಟ್ಯಾಂಕಿನಲ್ಲಿ ಯಾರಿದ್ದಾರೆ ನೋಡಿ. ಟರ್ಬೊ ಬಸವನಹುಳು ದಾರಿಯಲ್ಲಿ ಸಿಕ್ಕಿದ್ದನ್ನು ಉರುಳಿಸುತ್ತದೆ. ಟಕ್ಸೀಡೋ ಅರ್ಚಿನ್ ಸಡಿಲ ತುಂಡುಗಳನ್ನು ಬೆನ್ನಿಗೇರಿಸಿಕೊಂಡು ಹೊತ್ತೊಯ್ಯುತ್ತದೆ. ತಳದ ಹವಳ ಬೇರೂರುವವರೆಗೆ ಇವನ್ನು ಸಂಪ್‌ನಲ್ಲಿ (ಟ್ಯಾಂಕಿಗೆ ಜೋಡಿಸಿದ ಫಿಲ್ಟರ್ ತೊಟ್ಟಿಯಲ್ಲಿ) ಇಡಿ. ಮೇಲಿನ ಬಂಡೆಯಿಂದ ಮುರಿದು ಬಿದ್ದ ಅಕ್ರೊಪೋರಾ ಕೊಂಬೆ ಕೆಳಗಿನ ಹಾಸಿನ ಮೇಲೆ ಎರಡು ದಿನ ಬಿದ್ದಿದ್ದರೆ ಅದೂ ಸುಡುತ್ತದೆ, ಕೆಳಗಿನದೂ ಸುಡುತ್ತದೆ. ಕಂಡ ಕೂಡಲೇ ಇಕ್ಕಳದಿಂದ ತೆಗೆಯಿರಿ.